ಮಲಗದ ರಾತ್ರಿ: ಲಾಟ್ವಿಯಾದ ಮನೆಗಳಲ್ಲಿ ಅತಿ ಉದ್ದದ ಹಗಲಿನ ಹಬ್ಬ

ಕಳೆದ ಜೂನ್ 21ರ ಮಧ್ಯಾಹ್ನ ನಾವು ನಾಲ್ಕು ಜನ ಹಾಸ್ಟೆಲ್ ಟೆರೇಸಿನ ಮೇಲೆ ಒಂದು ಮೀಟರ್ ಉದ್ದದ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿಕೊಂಡು ಕಾಯ್ತಾ ಇದ್ದೆವು. ಬೆಂಗಳೂರಿನಲ್ಲಿ ಅವತ್ತು ಸೂರ್ಯ ಅತಿ ಎತ್ತರಕ್ಕೆ ಬರೋದು ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 21 ನಿಮಿಷಕ್ಕೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರೋದು 77.6 ಡಿಗ್ರಿಯಲ್ಲಿ. ಜೂನ್ ತಿಂಗಳಲ್ವಾ, ಆಕಾಶದ ತುಂಬಾ ಮೋಡ. ಸರಿಯಾದ ಹೊತ್ತಿಗೆ ಎರಡೇ ಎರಡು ನಿಮಿಷ ಬಿಸಿಲು ಬಿತ್ತು. ಓಡಿಹೋಗಿ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಹದಿನೆಂಟು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅದೂ ದಕ್ಷಿಣದ ಕಡೆಗೆ! "ಫೋನಿನ ಕಂಪಾಸ್ ಕೆಟ್ಟಿದೆ ಕಣೋ" ಅಂದ ಒಬ್ಬ.

ಕಂಪಾಸ್ ಕೆಟ್ಟಿರಲಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರಂದು ಸೂರ್ಯ 23.44 ಡಿಗ್ರಿಯ ನೆತ್ತಿಯ ಮೇಲೆ, ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೆ ಇರ್ತಾನೆ. ಹಾಗಾಗಿ ಅವತ್ತು ಅವನು ನಮಗಿಂತ ಉತ್ತರಕ್ಕೆ, ನಮ್ಮ ನೆರಳು ದಕ್ಷಿಣಕ್ಕೆ. ಇದೇ ದಿನವನ್ನು ಬೇಸಿಗೆಯ ಅಯನ ಸಂಕ್ರಾಂತಿ ಅಂತಾರೆ. ಉತ್ತರಾರ್ಧ ಗೋಳದಲ್ಲಿ ವರ್ಷದ ಅತಿ ಉದ್ದದ ಹಗಲು.

ಆ ದಿನವನ್ನು ಮನೆಯಲ್ಲೇ ಹಬ್ಬವಾಗಿ ಮಾಡುವ ಜನರ ಬಗ್ಗೆ ಈ ಲೇಖನ. ಯುರೋಪಿನಲ್ಲಿ ಇಂಥ ಜನ ಹಲವು ಕಡೆ ಇದ್ದಾರೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳ ಹತ್ತಿರ ಸೂರ್ಯೋದಯ ನೋಡಲು ಸೇರುವ ಜನರ ಫೋಟೋ ನೀವೂ ನೋಡಿರ್ತೀರಿ. ನಾವು ಆರಿಸಿಕೊಂಡಿದ್ದು ಲಾಟ್ವಿಯಾವನ್ನು. ಅಲ್ಲಿ ಈ ಹಬ್ಬಕ್ಕೆ ದೊಡ್ಡ ಕಲ್ಲುಗಳ ಸ್ಮಾರಕ ಬೇಕಿಲ್ಲ, ಒಂದು ಮನೆ ಇದ್ದರೆ ಸಾಕು. ಆ ಒಂದು ಕಾರಣಕ್ಕೇ ಹಬ್ಬ ಉಳಿದುಕೊಂಡಿತು ಅನ್ನೋದು ನಾವು ಓದುತ್ತಾ ಹೋದಂತೆ ಕಂಡ ವಿಷಯ.

ಮೊದಲು ಬೆಳಕಿನ ಲೆಕ್ಕ

ಅದೇ ಒಂದು ಮೀಟರ್ ಪೈಪನ್ನು ಲಾಟ್ವಿಯಾದ ರಾಜಧಾನಿ ರೀಗಾಕ್ಕೆ ತಗೊಂಡು ಹೋದೆವು ಅಂತ ಇಟ್ಕೊಳ್ಳಿ. ರೀಗಾ ಸುಮಾರು 57 ಡಿಗ್ರಿ ಉತ್ತರದಲ್ಲಿದೆ. ಜೂನ್ 21ರ ನಡುಹಗಲಲ್ಲಿ ಅಲ್ಲಿ ನೆರಳು 66 ಸೆಂಟಿಮೀಟರ್. ಡಿಸೆಂಬರ್ 21ರ ನಡುಹಗಲಲ್ಲಿ ಅದೇ ಪೈಪಿನ ನೆರಳು ಹೆಚ್ಚುಕಡಿಮೆ 5.9 ಮೀಟರ್! ಆಗ ಸೂರ್ಯ ದಿಗಂತದಿಂದ ಹತ್ತು ಡಿಗ್ರಿಯೂ ಮೇಲೆ ಬರೋದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್ ನೆರಳು 74 ಸೆಂಟಿಮೀಟರ್ ಅಷ್ಟೇ. ಟ್ಯಾನ್ ಥೀಟಾ ಗೊತ್ತಿದ್ದವರು ಐದು ನಿಮಿಷದಲ್ಲಿ ಲೆಕ್ಕ ಹಾಕಬಹುದು.

ಹಗಲಿನ ಉದ್ದವನ್ನೂ ನೋಡೋಣ. ಬೆಂಗಳೂರಿನ ಅತಿ ಉದ್ದದ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಚಿಕ್ಕದು ಸುಮಾರು 11 ಗಂಟೆ 22 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ. ಅದಕ್ಕೇ ನಮಗೆ ಜೂನ್ 21 ಬಂದು ಹೋಗಿದ್ದೇ ಗೊತ್ತಾಗಲ್ಲ. ರೀಗಾದಲ್ಲಿ ಅತಿ ಉದ್ದದ ಹಗಲು 17 ಗಂಟೆ 53 ನಿಮಿಷದಷ್ಟು, ಅತಿ ಚಿಕ್ಕದು 6 ಗಂಟೆ 43 ನಿಮಿಷದಷ್ಟು. ಹನ್ನೊಂದು ಗಂಟೆಗೂ ಜಾಸ್ತಿ ವ್ಯತ್ಯಾಸ! ಜೂನ್ ಕೊನೆಯ ವಾರಗಳಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಸೂರ್ಯ ಮುಳುಗಿ, ಬೆಳಗಿನ ನಾಲ್ಕೂವರೆ ಹೊತ್ತಿಗೆ ಮತ್ತೆ ಹುಟ್ಟುತ್ತಾನೆ. ನಡುರಾತ್ರಿಯಲ್ಲೂ ಅವನು ದಿಗಂತದಿಂದ ಹತ್ತು ಡಿಗ್ರಿಯೊಳಗೇ ಇರುವುದರಿಂದ ಉತ್ತರದ ಆಕಾಶ ಪೂರ್ತಿ ಕಪ್ಪಾಗೋದೇ ಇಲ್ಲ.

ನಮ್ಮ ಕಡೆ ಜೂನ್ ಅಂದರೆ ಮಳೆ. ರೈತರು ಕಾರ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವ ಕಾಲ. ಅಲ್ಲಿ ಜೂನ್ ಅಂದರೆ ಬೆಳಕು. ಆರು ತಿಂಗಳು ಕತ್ತಲಲ್ಲಿ ಕಳೆದವರಿಗೆ ಆ ಒಂದು ರಾತ್ರಿ ಮಲಗೋಕೆ ಯಾಕೆ ಮನಸ್ಸು ಬರೋದಿಲ್ಲ ಅನ್ನೋದು ಈ ಲೆಕ್ಕ ನೋಡಿದ ಮೇಲೆ ನಮಗೆ ಅರ್ಥವಾಯ್ತು.

ಪೇಗನ್ ಅಂದ್ರೆ ಯಾರು?

ಲ್ಯಾಟಿನ್‌ನಲ್ಲಿ 'ಪಾಗಾನುಸ್' ಅಂದರೆ ಹಳ್ಳಿಯವನು. ಕ್ರೈಸ್ತ ಧರ್ಮ ರೋಮಿನ ಪಟ್ಟಣಗಳಲ್ಲಿ ಹರಡಿದ ಕಾಲದಲ್ಲಿ ಹಳೆಯ ದೇವರುಗಳನ್ನು ಬಿಡದೆ ಇದ್ದವರಿಗೆ ಈ ಹೆಸರು ಅಂಟಿಕೊಂಡಿತು. ಬಾಲ್ಟಿಕ್ ಸಮುದ್ರದ ಕರಾವಳಿಗೆ ಹೊಸ ಧರ್ಮ ಬಂದಿದ್ದು ತುಂಬಾ ತಡವಾಗಿ. 1201ರಲ್ಲಿ ಬಿಷಪ್ ಆಲ್ಬರ್ಟ್ ರೀಗಾ ಪಟ್ಟಣವನ್ನು ಸ್ಥಾಪಿಸಿದರು. ಆಮೇಲೆ ಕತ್ತಿಯ ಬಲದಲ್ಲೇ ಅಲ್ಲಿನ ಬುಡಕಟ್ಟುಗಳನ್ನು ಮತಾಂತರ ಮಾಡಲಾಯಿತು. ಬೇಸಿಗೆಯ ಹಬ್ಬಕ್ಕೂ ಹೊಸ ಹೆಸರು ಬಂತು. ಜೂನ್ 24 ಸಂತ ಜಾನ್ ಹುಟ್ಟಿದ ದಿನ ಅಂತ ಚರ್ಚ್ ಆಚರಿಸುತ್ತದೆ. ಜಾನ್ ಲಾಟ್ವಿಯನ್ ಭಾಷೆಯಲ್ಲಿ 'ಯಾನಿಸ್' ಆದ, ಹಬ್ಬ 'ಯಾನ್ಯಿ' ಆಯ್ತು. ಹಿಂದಿನ ದಿನ, ಅಂದರೆ ಜೂನ್ 23, 'ಲೀಗೊ' ದಿನ.

ಹೆಸರು ಬದಲಾಯ್ತು, ಮಾಡುವ ಕೆಲಸಗಳು ಬದಲಾಗಲಿಲ್ಲ. ಬೆಂಕಿ, ಸೊಪ್ಪು, ಹೂವಿನ ಕಿರೀಟ, ಇಬ್ಬನಿ, ಹಾಡು: ಇವುಗಳಲ್ಲಿ ಯಾವುದೂ ಬೈಬಲ್ಲಿನಿಂದ ಬಂದದ್ದಲ್ಲ. ಹಾಗಂತ ಇವತ್ತು ಯಾನ್ಯಿ ಮಾಡುವವರೆಲ್ಲ ಪೇಗನ್ನರು ಅಂತಲೂ ಅಲ್ಲ. ಚರ್ಚಿಗೆ ಹೋಗುವವರೂ ಮಾಡ್ತಾರೆ, ಯಾವ ದೇವರನ್ನೂ ನಂಬದವರೂ ಮಾಡ್ತಾರೆ.

21ರ ಹಬ್ಬ 24ಕ್ಕೆ ಯಾಕೆ ಹೋಯ್ತು?

ಅತಿ ಉದ್ದದ ಹಗಲು 21ಕ್ಕೆ, ಹಬ್ಬ ಮಾತ್ರ 23ರ ಸಂಜೆಯಿಂದ 24ರ ಬೆಳಗಿನವರೆಗೆ. ನಮಗೆ ಮೊದಲು ಇದು ವಿಚಿತ್ರ ಅನ್ನಿಸಿತು. ಕಾರಣ ಕ್ಯಾಲೆಂಡರಿನಲ್ಲಿದೆ.

ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ 45ರಲ್ಲಿ ತಂದ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 365.25 ದಿನ. ರೋಮನ್ನರ ರೂಢಿಯಲ್ಲಿ ಆಗ ಅಯನ ಸಂಕ್ರಾಂತಿಯ ದಿನ ಜೂನ್ 24. ಆದರೆ ನಿಜವಾದ ಸೌರವರ್ಷ ಸುಮಾರು 365.2422 ದಿನ. ವ್ಯತ್ಯಾಸ ವರ್ಷಕ್ಕೆ 11 ನಿಮಿಷ ಅಷ್ಟೇ. ಆದರೆ 128 ವರ್ಷಕ್ಕೆ ಅದು ಒಂದು ಪೂರ್ತಿ ದಿನ ಆಗುತ್ತದೆ. ಹೀಗೆ ಕ್ಯಾಲೆಂಡರ್ ಜಾರುತ್ತಾ ಹೋಯಿತು. 1582ರಲ್ಲಿ ಪೋಪ್ ಗ್ರೆಗರಿ ಹತ್ತು ದಿನಗಳನ್ನು ಕಿತ್ತುಹಾಕಿ ಅದನ್ನು ಸರಿಮಾಡಿದರು. ಆದರೆ ಅವರು ಸರಿಮಾಡಿದ್ದು ಸೀಸರನ ಕಾಲಕ್ಕಲ್ಲ, ಈಸ್ಟರ್ ಲೆಕ್ಕಕ್ಕೆ ಮುಖ್ಯವಾಗಿದ್ದ ಕ್ರಿಸ್ತಶಕ 325ರ ಕಾಲಕ್ಕೆ. ಅಷ್ಟರಲ್ಲೇ ಮೂರು ದಿನ ಜಾರಿ ಆಗಿತ್ತು. ಹಾಗಾಗಿ ಸೂರ್ಯ 21ರ ಆಸುಪಾಸಿಗೆ ನಿಂತ, ಸಂತ ಜಾನ್ 24ರಲ್ಲೇ ಉಳಿದರು.

ಇದನ್ನು ಓದಿ ನಗುವ ಮೊದಲು ನಮ್ಮ ಮನೆಯ ಪಂಚಾಂಗವನ್ನೂ ನೋಡಬೇಕು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಉತ್ತರಾಯಣ ಶುರುವಾಯ್ತು ಅಂತ ಎಳ್ಳುಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಇಲ್ಲಿ ಕಾರಣ ಬೇರೆ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತದೆ, ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ ಎರಡರ ನಡುವೆ ಅಂತರ ಬೆಳೀತಾ ಹೋಗಿದೆ. ಅವರದು ಮೂರು ದಿನದ ಅಂತರ, ನಮ್ಮದು ಮೂರು ವಾರಕ್ಕೂ ಹೆಚ್ಚು. ಎರಡೂ ಕಡೆ ಜನ ಹಬ್ಬವನ್ನೇನೂ ಬಿಟ್ಟಿಲ್ಲ.

ಮನೆಯಲ್ಲಿ ನಡೆಯುವುದೇನು?

ಲಾಟ್ವಿಯಾದ ಹಳ್ಳಿಗಾಡಿನಲ್ಲಿ ಮನೆಗಳು ಸಾಲುಕೇರಿಯಲ್ಲಿರುವುದು ಕಡಿಮೆ. ಹೊಲದ ನಡುವೆ ಒಂಟಿ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಕಣಜ. ನಮ್ಮ ಮಲೆನಾಡಿನ ಒಂಟಿಮನೆಗಳನ್ನು ನೆನೆಸಿಕೊಳ್ಳಿ. ಹಬ್ಬವೂ ಆಯಾ ಮನೆಯದೇ. ಮನೆಯ ಯಜಮಾನನಿಗೆ ಅವತ್ತು 'ಯಾನ್ಯಿಯ ಅಪ್ಪ', ಯಜಮಾನಿಗೆ 'ಯಾನ್ಯಿಯ ಅಮ್ಮ' ಅಂತ ಹೆಸರು. ಹಾಡಿಕೊಂಡು ಬರುವ ನೆಂಟರು, ನೆರೆಹೊರೆಯವರು 'ಯಾನ್ಯಿಯ ಮಕ್ಕಳು'. ಎಪ್ಪತ್ತು ವರ್ಷದ ಅಜ್ಜ ಬಂದರೂ ಅವತ್ತು ಅವನು ಮಗುವೇ!

23ರ ಬೆಳಗ್ಗೆಯಿಂದ ಸೊಪ್ಪು, ಹೂವು ಕೊಯ್ಯುವ ಕೆಲಸ. ಆ ದಿನಕ್ಕೆ 'ಸೊಪ್ಪಿನ ದಿನ' ಅಂತಲೂ ಹೆಸರಿದೆ. ಹೆಂಗಸರು ಕಾಡುಹೂವುಗಳ ಕಿರೀಟ ಕಟ್ಟಿಕೊಳ್ತಾರೆ, ಗಂಡಸರಿಗೆ ಓಕ್ ಎಲೆಗಳ ಕಿರೀಟ. ಹಸುಗಳಿಗೂ ಹೂವಿನ ಹಾರ ಹಾಕುವ ಪದ್ಧತಿ ಇತ್ತು. ಬಾಗಿಲಿಗೆ, ಗೇಟಿಗೆ ಬರ್ಚ್ ಮರದ ಕೊಂಬೆ ಸಿಕ್ಕಿಸ್ತಾರೆ, ಕೆಟ್ಟದ್ದು ಒಳಗೆ ಬಾರದಿರಲಿ ಅಂತ ರೋವನ್ ಮರದ ಕೊಂಬೆಯನ್ನೂ ಇಡ್ತಾರೆ. ನಾವು ಮಾವಿನ ತೋರಣ ಕಟ್ಟುವ ಹಾಗೇ.

ಈ ಸೊಪ್ಪುಗಳ ಪಟ್ಟಿಯಲ್ಲಿ ಒಂದು ಹೆಸರು ನಮ್ಮನ್ನು ನಿಲ್ಲಿಸಿತು. 'ಕಾಲ್ಮೆಸ್' ಅನ್ನುವ, ನೀರಿನಂಚಲ್ಲಿ ಬೆಳೆಯುವ ಉದ್ದ ಎಲೆಯ ಗಿಡ. ಘಮಘಮ ಅನ್ನುತ್ತೆ ಅಂತ ಮನೆಯನ್ನು ಅದರಿಂದ ಸಿಂಗರಿಸ್ತಾರೆ. ಸಸ್ಯಶಾಸ್ತ್ರದ ಹೆಸರು ಹುಡುಕಿದಾಗ ಅಕೋರಸ್ ಕ್ಯಾಲಮಸ್ ಅಂತ ಬಂತು. ಅಂದರೆ ನಮ್ಮ ಬಜೆ! ಬಾಣಂತಿ ಕೋಣೆಯಲ್ಲಿ ಸಾಣೆಕಲ್ಲಿನ ಮೇಲೆ ತೇಯುವ, ಮಗುವಿನ ಕೈಗೆ ಕಟ್ಟುವ ಅದೇ ಬಜೆ. ನಾವು ಬೇರನ್ನು ಇಟ್ಟುಕೊಂಡಿದ್ದೇವೆ, ಅವರು ಎಲೆಯನ್ನು.

ಒಳಗೆ ಅಡುಗೆಮನೆಯಲ್ಲಿ 'ಯಾನ್ಯಿ ಗಿಣ್ಣು' ತಯಾರಾಗಿರುತ್ತೆ. ಗಿಣ್ಣು ಅಂತ ನಾವು ಪ್ರೀತಿಗೆ ಕರೆದದ್ದು, ನಿಜವಾಗಿ ಅದು ಚೀಸ್. ಬಿಸಿ ಹಾಲಿಗೆ ನೀರು ಬಸಿದ ಗಟ್ಟಿಮೊಸರಿನಂಥದ್ದನ್ನು ಹಾಕಿ ಹಾಲು ಒಡೆಯುವಂತೆ ಮಾಡ್ತಾರೆ. ನೀರು ಬಸಿದು, ಉಳಿದ ಗಟ್ಟಿಗೆ ಬೆಣ್ಣೆ, ಮೊಟ್ಟೆ, ಉಪ್ಪು, ಶಾಜೀರಿಗೆ ಸೇರಿಸಿ ಒಲೆಯ ಮೇಲೆ ಕೈಯಾಡಿಸ್ತಾರೆ. ಮುದ್ದೆಯಾದ ಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಭಾರ ಇಡ್ತಾರೆ. ಪನೀರ್ ಮಾಡಿದವರಿಗೆ ಅರ್ಧ ಗೊತ್ತಿರುವ ಕೆಲಸವೇ. ಗುಂಡಗೆ, ಹಳದಿಯಾಗಿ ಬರುವ ಇದನ್ನು ಸೂರ್ಯನಿಗೆ ಹೋಲಿಸ್ತಾರೆ. ಜೊತೆಗೆ ಮನೆಯಲ್ಲೇ ಮಾಡಿದ ಬಾರ್ಲಿಯ ಬಿಯರ್. ಅಮ್ಮನದು ಚೀಸ್, ಅಪ್ಪನದು ಬಿಯರ್, ಇದು ಹಳೆಯ ಕೆಲಸದ ಹಂಚಿಕೆ.

ಹಾಡಿಕೊಂಡು ಬಂದ 'ಮಕ್ಕಳು' ಸುಮ್ಮನೆ ತಿಂದು ಹೋಗೋದಿಲ್ಲ. ಹೊಲವನ್ನು ನೋಡ್ತಾರೆ, ಕಳೆ ಕಿತ್ತಿಲ್ಲದಿದ್ದರೆ ಅದನ್ನೇ ಹಾಡು ಕಟ್ಟಿ ಗೇಲಿ ಮಾಡ್ತಾರೆ. ಮನೆಯವರೂ ಸುಮ್ಮನಿರದೆ ತಿರುಗಿ ಹಾಡ್ತಾರೆ. ನಮ್ಮ ಮದುವೆ ಮನೆಯಲ್ಲಿ ಬೀಗರ ಹಾಡು ಕೇಳಿದವರಿಗೆ ಈ ಜಗಳದ ರುಚಿ ಗೊತ್ತು. ಈ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಪದ 'ಲೀಗೊ', ತೂಗು, ತೊನೆ ಅನ್ನುವ ಅರ್ಥದ ಕ್ರಿಯಾಪದಕ್ಕೆ ಸೇರಿದ್ದು. ಹಬ್ಬದ ಹಿಂದಿನ ದಿನಕ್ಕೆ ಹೆಸರು ಬಂದಿದ್ದೂ ಅದರಿಂದಲೇ.

ಸೂರ್ಯ ಮುಳುಗುವ ಮೊದಲು ಬೆಂಕಿ ಹೊತ್ತಿಸಬೇಕು, ಮತ್ತೆ ಹುಟ್ಟುವವರೆಗೂ ಅದು ಆರಬಾರದು. ಎತ್ತರದ ಕಂಬದ ತುದಿಗೆ ಡಾಂಬರಿನಂಥ ಎಣ್ಣೆ ತುಂಬಿದ ಪೀಪಾಯಿ ಕಟ್ಟಿ ಉರಿಸುವುದೂ ಉಂಟು. ಬೆಂಕಿಯ ಬೆಳಕು ಎಲ್ಲಿಯವರೆಗೆ ಬೀಳುತ್ತೋ ಅಲ್ಲಿಯವರೆಗೆ ಬೆಳೆ ಚೆನ್ನಾಗಿ ಬರುತ್ತೆ ಅನ್ನೋದು ನಂಬಿಕೆ. ಹುಡುಗ ಹುಡುಗಿಯರು ಬೆಂಕಿ ಹಾರ್ತಾರೆ, ಹೋದ ವರ್ಷದ ಒಣಗಿದ ಕಿರೀಟವನ್ನು ಅದಕ್ಕೇ ಹಾಕ್ತಾರೆ. ಆ ರಾತ್ರಿ ಮಲಗಿದವನು ಬೇಸಿಗೆ ಪೂರ್ತಿ ತೂಕಡಿಸ್ತಾನೆ ಅಂತ ಮಾತಿದೆ. ಜೋಡಿಗಳು ಕಾಡಿನಲ್ಲಿ ಜರಿಗಿಡದ ಹೂವು ಹುಡುಕಲು ಹೋಗ್ತಾರೆ. ಜರಿಗಿಡ ಹೂ ಬಿಡುವುದೇ ಇಲ್ಲ, ಅದು ಬೆಳೆಯೋದು ಸ್ಪೋರ್‌ಗಳಿಂದ ಅಂತ ನಾವು ಹತ್ತನೇ ಕ್ಲಾಸಿನೊಳಗೇ ಓದಿದ್ದೇವೆ. ಅವರಿಗೂ ಅದು ಚೆನ್ನಾಗೇ ಗೊತ್ತು! ಬೆಳಗಿನ ಜಾವ ಇಬ್ಬನಿಯಲ್ಲಿ ಮುಖ ತೊಳೆದುಕೊಂಡರೆ ಹಬ್ಬ ಮುಗೀತು.

ಉಗುನ್ಸ್, ಅಗ್ನಿ

ಓದುತ್ತಾ ಇನ್ನೊಂದು ಸಂಗತಿ ಸಿಕ್ಕಿತು. ಬೆಂಕಿಗೆ ಲಾಟ್ವಿಯನ್ ಪದ 'ಉಗುನ್ಸ್'. ಇದು ಸಂಸ್ಕೃತದ 'ಅಗ್ನಿ'ಯ ಅಕ್ಕತಂಗಿ ಪದ. ದೇವರಿಗೆ 'ದಿಯೆವ್ಸ್', ಅದು 'ದೇವ'. ಸೂರ್ಯನಿಗೆ 'ಸೌಲೆ', ಅದೂ 'ಸೂರ್ಯ'ದ ಮೂಲದಿಂದಲೇ ಬಂದದ್ದು. ಲಾಟ್ವಿಯನ್ ಮತ್ತು ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಕನ್ನಡ ದ್ರಾವಿಡ ಕುಟುಂಬದ್ದು, ಆದರೂ ಅಗ್ನಿ, ದೇವ, ಸೂರ್ಯ ಅನ್ನುವ ಪದಗಳನ್ನು ಸಂಸ್ಕೃತದಿಂದ ತೆಗೆದುಕೊಂಡು ನಮ್ಮವೇ ಮಾಡಿಕೊಂಡಿದ್ದೇವೆ. ಒಂದು ವ್ಯತ್ಯಾಸ: ಅವರಿಗೆ ಸೂರ್ಯ ಹೆಣ್ಣು. ಹಾಡುಗಳಲ್ಲಿ ಸೌಲೆ ಒಬ್ಬ ತಾಯಿ.

ಎಪ್ಪತ್ತು ಡ್ರಾಯರಿನ ಬೀರು

ಈ ಹಾಡುಗಳಿಗೆ 'ದೈನಾ' ಅಂತ ಹೆಸರು. ಹೆಚ್ಚಿನವು ನಾಲ್ಕೇ ಸಾಲಿನವು. ಶತಮಾನಗಳ ಕಾಲ ಜರ್ಮನ್ ಭೂಮಾಲೀಕರ ಕೈಕೆಳಗೆ ಜೀತ ಮಾಡಿದ ರೈತರ ಬಾಯಲ್ಲೇ ಇವು ಉಳಿದವು. ಬರೆದಿಡುವ ದೊಡ್ಡ ಕೆಲಸಕ್ಕೆ ಕೈಹಾಕಿದವರು ಕ್ರಿಶ್ಯಾನಿಸ್ ಬಾರೊನ್ಸ್ (1835–1923). ಮಾಸ್ಕೋದಲ್ಲಿ ಮನೆಪಾಠ ಹೇಳಿಕೊಂಡಿದ್ದ ಅವರು 1880ರಲ್ಲಿ ಎಪ್ಪತ್ತು ಡ್ರಾಯರುಗಳ ಒಂದು ಬೀರು ಮಾಡಿಸಿದರು. ಊರೂರಿನ ಜನ ಕಳಿಸಿದ ಹಾಡುಗಳನ್ನು ಸುಮಾರು 3 ಸೆಂಟಿಮೀಟರ್ ಅಗಲ, 11 ಸೆಂಟಿಮೀಟರ್ ಉದ್ದದ ಚೀಟಿಗಳಲ್ಲಿ ಬರೆದು, ಹುಟ್ಟಿನಿಂದ ಸಾವಿನವರೆಗೆ ಬದುಕಿನ ಕ್ರಮದಲ್ಲಿ ಜೋಡಿಸಿದರು. 1894ರಿಂದ 1915ರವರೆಗೆ ಆರು ಸಂಪುಟಗಳಲ್ಲಿ ಅಚ್ಚಾದ ಹಾಡುಗಳು, ರೂಪಾಂತರಗಳೂ ಸೇರಿ, 2,17,996. ಋತುಗಳ ಹಬ್ಬದ ಹಾಡುಗಳಲ್ಲಿ ದೊಡ್ಡ ಪಾಲು ಯಾನ್ಯಿಯದು. ಆ ಬೀರು ಈಗ ರೀಗಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, 2001ರಲ್ಲಿ ಯುನೆಸ್ಕೋದ 'ವಿಶ್ವದ ನೆನಪು' ಪಟ್ಟಿಗೂ ಸೇರಿತು. ಕಂಪ್ಯೂಟರ್ ಬರುವ ಎಷ್ಟೋ ಮೊದಲು ಒಬ್ಬ ಮನುಷ್ಯ ಕಟ್ಟಿದ ಡೇಟಾಬೇಸ್ ಇದು.

ಹಬ್ಬವನ್ನು ನಿಲ್ಲಿಸಲು ಹೊರಟಾಗ

1920ರ ದಶಕದಲ್ಲಿ ಎರ್ನೆಸ್ಟ್ಸ್ ಬ್ರಾಸ್ಟಿನ್ಷ್ ಮತ್ತು ಅವರ ಜೊತೆಗಾರರು ಈ ಹಾಡುಗಳನ್ನೇ ಆಧಾರವಾಗಿ ಇಟ್ಟುಕೊಂಡು ಹಳೆಯ ನಂಬಿಕೆಯನ್ನು 'ದಿಯೆವ್‌ತುರಿ' ಅನ್ನುವ ಹೆಸರಿನಲ್ಲಿ ಮತ್ತೆ ಕಟ್ಟಿದರು. 1940ರಲ್ಲಿ ಸೋವಿಯತ್ ಸೇನೆ ಲಾಟ್ವಿಯಾವನ್ನು ವಶಪಡಿಸಿಕೊಂಡಿತು. ಅದೇ ವರ್ಷ ಬ್ರಾಸ್ಟಿನ್ಷ್ ಬಂಧನಕ್ಕೊಳಗಾದರು, 1942ರಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಯುದ್ಧ ಮುಗಿದ ಮೇಲೆ ಲಾಟ್ವಿಯಾ ಸೋವಿಯತ್ ಒಕ್ಕೂಟದೊಳಗೇ ಉಳಿಯಿತು. 1959ರ ಕೊನೆಗೆ ಆರ್ವಿಡ್ಸ್ ಪೆಲ್ಷೆ ಅಲ್ಲಿನ ಪಕ್ಷದ ಮುಖ್ಯಸ್ಥರಾದರು. 1960ರ ದಶಕದ ಮೊದಲ ವರ್ಷಗಳಲ್ಲಿ ಯಾನ್ಯಿಯ ಸಾರ್ವಜನಿಕ ಆಚರಣೆಗೆ ತಡೆ ಬಿತ್ತು. ರಜೆಯೂ ಇಲ್ಲ, ಸಭೆಯೂ ಇಲ್ಲ.

ಆದರೆ ಇಲ್ಲಿ ಮುಚ್ಚೋದು ಏನನ್ನ? ಗುಡಿ ಇದ್ದರೆ ಬೀಗ ಹಾಕಬಹುದು, ಪುರೋಹಿತ ಇದ್ದರೆ ಹಿಡಿದು ಒಯ್ಯಬಹುದು. ಇಲ್ಲಿದ್ದದ್ದು ಹೊಲದ ನಡುವಿನ ಒಂಟಿ ಮನೆ, ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಬರ್ಚ್ ಕೊಂಬೆ. ಮೇಲಾಗಿ ಯಾನಿಸ್ ಅನ್ನೋದು ಆ ದೇಶದಲ್ಲಿ ಗಂಡಸರಿಗೆ ತುಂಬಾ ಸಾಮಾನ್ಯವಾದ ಹೆಸರು. ಪ್ರತಿ ಹೆಸರಿಗೂ ಕ್ಯಾಲೆಂಡರಿನಲ್ಲಿ ಒಂದು ದಿನ ಇಡುವುದು ಅಲ್ಲಿನ ರೂಢಿ, ಯಾನಿಸ್‌ಗಳ ದಿನ ಜೂನ್ 24. ಮನೆಮನೆಗಳಲ್ಲಿ ಬೆಂಕಿ ಉರಿಯುತ್ತಲೇ ಇತ್ತು. 1980ರ ದಶಕದ ಕೊನೆಯಲ್ಲಿ ಲಾಟ್ವಿಯನ್ನರು ಸ್ವಾತಂತ್ರ್ಯಕ್ಕಾಗಿ ಬೀದಿಗಿಳಿದು ಹಾಡಿದರು, ಆ ಹೋರಾಟಕ್ಕೆ 'ಹಾಡುವ ಕ್ರಾಂತಿ' ಅಂತಲೇ ಹೆಸರು ಬಂತು. 1991ರಲ್ಲಿ ದೇಶ ಸ್ವತಂತ್ರವಾಯಿತು. ಈಗ ಜೂನ್ 23, 24 ಎರಡೂ ದಿನ ಸರ್ಕಾರಿ ರಜೆ, ರೀಗಾ ಖಾಲಿಯಾಗಿ ಜನ ಹಳ್ಳಿಯ ದಾರಿ ಹಿಡೀತಾರೆ.

ನಮ್ಮ ಚೀಟಿ

ಇದನ್ನೆಲ್ಲ ಓದಿ ನಾವು ಹಾಸ್ಟೆಲ್ಲಿನಲ್ಲಿ ಬೆಂಕಿ ಹಾಕಲಿಲ್ಲ, ವಾರ್ಡನ್ ಸರ್ ಗಾಬರಿ ಆಗುವುದು ಬೇಡ. ಮಾಡಿದ್ದು ಎರಡು ಕೆಲಸ. ಒಂದು, ಟೆರೇಸಿನ ಮೇಲೆ ಪೈಪ್ ನೆಟ್ಟದ್ದು. ಇನ್ನೊಂದು, 3 ಗುಣಿಸು 11 ಸೆಂಟಿಮೀಟರಿನ ಚೀಟಿಗಳನ್ನು ಕತ್ತರಿಸಿಕೊಂಡು, ನಮ್ಮ ನಮ್ಮ ಮನೆಗೆ ಫೋನ್ ಮಾಡಿ, ಮನೆಯಲ್ಲಿ ಹಾಡುತ್ತಿದ್ದ ಒಂದೊಂದು ಹಾಡು ಕೇಳಿ ಬರೆದುಕೊಳ್ಳೋದು ಅಂತ ಮಾತಾಯ್ತು.

ಎರಡು ಲಕ್ಷ ಹಾಡಿನ ಬೀರಿನ ಬಗ್ಗೆ ಓದಿದವರಿಗೆ ಇದು ಸುಲಭ ಅನ್ನಿಸಿತ್ತು. ಮೂವರ ಮನೆಯಲ್ಲಿ "ಯೂಟ್ಯೂಬಲ್ಲಿ ಇರುತ್ತೆ ನೋಡು" ಅಂದರು. ಒಬ್ಬನ ಅಜ್ಜಿ ಮಾತ್ರ ಫೋನಿನಲ್ಲೇ ಒಂದು ಸೋಬಾನೆ ಪದ ಶುರುಮಾಡಿದರು. ಸ್ಪೀಕರ್ ಹಾಕಿ ನಾಲ್ವರೂ ಬರೆದುಕೊಂಡೆವು. ನಾವೆಲ್ಲ ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಬರೆಯೋದು ನಿಧಾನ. "ಇಲ್ಲಿ ಳ ನಾ ಲ ನಾ ಅಜ್ಜಿ?" ಅಂತ ಕೇಳಿದರೆ, "ನಂಗೇನ್ ಬರೆಯೋಕೆ ಬರುತ್ತಾ ಮಗಾ, ನಾನು ಹೇಳ್ದಂಗೆ ನೀನು ಹೇಳು" ಅಂದರು. ಅರ್ಧಕ್ಕೆ ಬಂದು ನಿಂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿಂದು ನಮ್ಮವ್ವನಿಗೆ ಗೊತ್ತಿತ್ತು" ಅಂದರು.

ಆ ಚೀಟಿ ಈಗ ನಮ್ಮ ಕನ್ನಡ ಸಂಘದ ಕಪಾಟಿನಲ್ಲಿದೆ. ನಾಲ್ಕು ಸಾಲು ಇದೆ, ಕೆಳಗೆ ಜಾಗ ಬಿಟ್ಟಿದ್ದೇವೆ. ಈ ರಜೆಗೆ ಊರಿಗೆ ಹೋಗುವವರು ತಲಾ ಹತ್ತು ಚೀಟಿ ತಗೊಂಡು ಹೋಗಿ. ಕತ್ತರಿಸಿ ಇಟ್ಟಿದ್ದೇವೆ. ಬರುವ ಜೂನ್ 21ಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಟೆರೇಸಿಗೆ ಬನ್ನಿ, ಮೋಡ ಇದ್ದರೂ ಬನ್ನಿ. ನೆರಳು ಸಿಕ್ಕರೆ ಅಳೆಯೋಣ, ಸಿಗದಿದ್ದರೆ ತಂದ ಚೀಟಿಗಳನ್ನು ಓದೋಣ.